ಹಳೆಯ ಯುದ್ಧನೌಕೆಯ ಲಾಗ್ ಪುಸ್ತಕ ಓದುವುದು ಹೇಗೆ: ಹೈದರಾಲಿಯ ಕೆಚ್‌ಗಳನ್ನು ಎದುರಿಸಿದ 'ಸೀಹಾರ್ಸ್' ಜಾಡು ಹಿಡಿದು

1775ರ ಫೆಬ್ರವರಿ 19. ಬ್ರಿಟಿಷ್ ನೌಕಾಪಡೆಯ 'ಸೀಹಾರ್ಸ್' ಹಡಗು ಈಸ್ಟ್ ಇಂಡಿಯಾ ಕಂಪನಿಯ ಹಣ ಹೊತ್ತು ಬೊಂಬಾಯಿಗೆ ಹೊರಟಿತ್ತು. ದಾರಿಯಲ್ಲಿ ಹೈದರಾಲಿಯ ಎರಡು ಕೆಚ್‌ಗಳು, ಅಂದರೆ ಎರಡು ಕಂಬದ ಸಣ್ಣ ಹಾಯಿ ಹಡಗುಗಳು, ಅದರ ಮೇಲೆ ಬಿದ್ದವು. ಸ್ವಲ್ಪ ಹೊತ್ತು ಗುಂಡು ಹಾರಿದವು. ಕೆಚ್‌ಗಳು ಹಿಂದೆ ಸರಿದವು. ಸೀಹಾರ್ಸ್ ಮೇಲೆ ಆಗ 16 ವರ್ಷದ ಹುಡುಗನೊಬ್ಬನಿದ್ದ, ಹೆಸರು ಹೊರೇಷಿಯೊ ನೆಲ್ಸನ್. ಮುಂದೆ ಟ್ರಾಫಲ್ಗರ್ ಕಡಲ ಕಾಳಗದಲ್ಲಿ ಪ್ರಾಣ ಬಿಟ್ಟ ಅದೇ ನೆಲ್ಸನ್. ಅವನು ಕಂಡ ಮೊದಲ ಕಾಳಗ ಮೈಸೂರಿನವರ ಜೊತೆಗಿನದ್ದು.

ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ಎರಡು ಸಾಲು, ಅಷ್ಟೆ. ಆದರೆ ಹಡಗಿನ ಲಾಗ್ ಪುಸ್ತಕದಲ್ಲಿ ಪ್ರತಿ ಗಂಟೆಗೂ ಒಂದು ಸಾಲು ಬರೆಯುತ್ತಿದ್ದರು. ಗಾಳಿ ಎಲ್ಲಿಂದ ಬೀಸುತ್ತಿತ್ತು, ಹಡಗು ಎತ್ತ ಹೊರಟಿತ್ತು, ಎಷ್ಟು ವೇಗವಿತ್ತು, ಮಧ್ಯಾಹ್ನ ಯಾವ ಅಕ್ಷಾಂಶದಲ್ಲಿತ್ತು, ಎಲ್ಲವೂ ಅಲ್ಲಿರುತ್ತದೆ. ಓದಲು ಬಂದರೆ ಇಡೀ ದಿನವನ್ನೇ ಮತ್ತೆ ಕಟ್ಟಿ ನಿಲ್ಲಿಸಬಹುದು. ನಮ್ಮ ಕರಾವಳಿಯ ಎದುರು ಹಾದುಹೋದ ಇಂಥ ಹಡಗುಗಳ ಲಾಗ್‌ಗಳನ್ನು ಕನ್ನಡದವರು ಜಾಸ್ತಿ ಜನ ಓದಬೇಕು ಅನ್ನುವುದು ನನ್ನ ಆಸೆ. ಈ ಕಡಲನ್ನೂ ಗಾಳಿಯನ್ನೂ ಬಲ್ಲವರು ನಾವೇ ಅಲ್ವಾ?

ಮನುಷ್ಯನನ್ನು ಹುಡುಕಬೇಡಿ, ಹಡಗನ್ನು ಹುಡುಕಿ

ಹೊಸಬರು ಸಾಮಾನ್ಯವಾಗಿ ಅಧಿಕಾರಿಯ ಹೆಸರು ಹಾಕಿ ಹುಡುಕುತ್ತಾರೆ, ಏನೂ ಸಿಗದೆ ಕೈಬಿಡುತ್ತಾರೆ. ಆ ಕಾಲದ ನೌಕಾಪಡೆಯ ಬಹುಪಾಲು ಕಾಗದಪತ್ರ ಹಡಗಿನ ಹೆಸರಿನಲ್ಲಿ ಇದೆ. ಹಾಗಾಗಿ ಮೊದಲು ಮೂರು ವಿಷಯ ಬರೆದುಕೊಳ್ಳಿ: ಹಡಗಿನ ಹೆಸರು, ವರ್ಷ, ಆಗಿನ ಕ್ಯಾಪ್ಟನ್. ನಮ್ಮ ಉದಾಹರಣೆಗೆ ಇವು ಸೀಹಾರ್ಸ್, 1775, ಜಾರ್ಜ್ ಫಾರ್ಮರ್.

ಮೂರೂ ಬೇಕು, ಯಾಕೆಂದರೆ ಒಂದೇ ಹೆಸರನ್ನು ಹಡಗಿನಿಂದ ಹಡಗಿಗೆ ಇಡುತ್ತಿದ್ದರು. ಫಾರ್ಮರ್‌ನ ಸೀಹಾರ್ಸ್ 1748ರಲ್ಲಿ ನೀರಿಗಿಳಿದ 24 ಫಿರಂಗಿಯ ಹಡಗು. 1794ರಲ್ಲಿ ನೀರಿಗಿಳಿದ ಇನ್ನೊಂದು ಸೀಹಾರ್ಸ್ 38 ಫಿರಂಗಿಯ ಫ್ರಿಗೇಟ್. 1797ರಲ್ಲಿ ಟೆನೆರಿಫ್‌ನಲ್ಲಿ ಬಲಗೈ ಕಳೆದುಕೊಂಡ ನೆಲ್ಸನ್ ಇಂಗ್ಲೆಂಡಿಗೆ ಮರಳಿದ್ದು ಈ ಎರಡನೆಯದರಲ್ಲಿ. ಒಬ್ಬನೇ ಮನುಷ್ಯ, ಒಂದೇ ಹೆಸರಿನ ಎರಡು ಹಡಗು. ವರ್ಷ ನೋಡದಿದ್ದರೆ ಗೊಂದಲ ಗ್ಯಾರಂಟಿ.

ಹಡಗಿನ ದರ್ಜೆಯನ್ನೂ ಗುರುತು ಹಾಕಿಕೊಳ್ಳಿ. 100 ಮತ್ತು ಅದಕ್ಕಿಂತ ಹೆಚ್ಚು ಫಿರಂಗಿಯದ್ದು ಮೊದಲ ದರ್ಜೆ. 90ರಿಂದ 98 ಎರಡನೆಯದು. 64ರಿಂದ 80 ಮೂರನೆಯದು. ಸಾಲುಗಟ್ಟಿ ಕಾದಾಡುವ ಹಡಗುಗಳಲ್ಲಿ ಎಲ್ಲೆಡೆ ಕಾಣುತ್ತಿದ್ದ 74 ಫಿರಂಗಿಯ ಹಡಗು ಈ ಮೂರನೆಯ ದರ್ಜೆಗೆ ಸೇರುತ್ತದೆ. ಸೀಹಾರ್ಸ್ ಆರನೆಯ ದರ್ಜೆಯದು, ಎಲ್ಲಕ್ಕಿಂತ ಕೆಳಗಿನದು. ಇದು ಗೊತ್ತಿದ್ದರೆ ಆ ದಿನದ ಚಕಮಕಿ ಎಷ್ಟು ದೊಡ್ಡದು, ಎಷ್ಟು ಚಿಕ್ಕದು ಅನ್ನುವ ಅಳತೆ ಸಿಗುತ್ತದೆ.

ಯಾವ ಲಾಗ್, ಎಲ್ಲಿದೆ

ಒಂದೇ ಹಡಗಿನಲ್ಲಿ ಹಲವರು ಲಾಗ್ ಇಡುತ್ತಿದ್ದರು. ಕ್ಯಾಪ್ಟನ್‌ಗಳ ಲಾಗ್‌ಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ 'ಎಡಿಎಂ 51' ಸರಣಿಯಲ್ಲಿವೆ. 'ಎಡಿಎಂ' ಅಂದರೆ ಅಡ್ಮಿರಾಲ್ಟಿ, ನೌಕಾಪಡೆಯ ಆಡಳಿತ ಕಚೇರಿ. ಮಾಸ್ಟರ್‌ಗಳ ಲಾಗ್ 'ಎಡಿಎಂ 52'ರಲ್ಲಿ. ಲೆಫ್ಟಿನೆಂಟ್‌ಗಳದ್ದು ಗ್ರೀನಿಚ್‌ನ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ದಿನಚರಿ ಬೇರೆಯೇ, ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಕ್ಯೂ ಸಂಗ್ರಹಾಲಯದ ಕ್ಯಾಟಲಾಗ್ ಅನ್ನು ಮನೆಯಲ್ಲೇ ಕೂತು ಪುಕ್ಕಟೆ ಹುಡುಕಬಹುದು. ಹಡಗಿನ ಹೆಸರು ಮತ್ತು ಸರಣಿಯ ಸಂಖ್ಯೆ ಸೇರಿಸಿ ಹಾಕಿ.

ಕ್ಯಾಪ್ಟನ್‌ನದ್ದು, ಮಾಸ್ಟರ್‌ನದ್ದು ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಮಾಸ್ಟರ್‌ನ ಲಾಗ್ ಆರಿಸಿ. ಹಡಗು ನಡೆಸುವ ಲೆಕ್ಕವೆಲ್ಲ ಮಾಸ್ಟರ್‌ನ ತಲೆ ಮೇಲಿತ್ತು. ದಿಕ್ಕು, ಆಳ, ಗಾಳಿ ಅವನ ಪುಟದಲ್ಲಿ ಹೆಚ್ಚು ವಿವರವಾಗಿ ಸಿಗುತ್ತವೆ. ಲೆಫ್ಟಿನೆಂಟ್‌ಗಳು ಲಾಗ್ ಒಪ್ಪಿಸಿದ ಮೇಲೇ ಸಂಬಳದ ಲೆಕ್ಕ ಚುಕ್ತಾ ಆಗುತ್ತಿತ್ತು. ಹಾಗಾಗಿ ಒಬ್ಬರದ್ದನ್ನು ಒಬ್ಬರು ನಕಲು ಮಾಡುವುದು ಮಾಮೂಲಿ ಆಗಿತ್ತು. ನಾಲ್ಕು ಲಾಗ್‌ನಲ್ಲಿ ಒಂದೇ ಮಾತು ಒಂದೇ ಪದಗಳಲ್ಲಿ ಇದ್ದರೆ ನಾಲ್ಕು ಸಾಕ್ಷಿ ಸಿಕ್ಕಿತು ಎಂದು ಹಿಗ್ಗಬೇಡಿ. ಅದು ಒಂದೇ ಸಾಕ್ಷಿ ಇರಬಹುದು. ಎಲ್ಲಿ ಮಾತು ಬೇರೆಯಾಗುತ್ತದೋ ಅಲ್ಲಿ ನಿಂತು ಓದಿ.

ಮೂಲ ಪ್ರತಿ ತರಿಸುವ ಮುಂಚೆ ಕೈ ಪಳಗಿಸಿಕೊಳ್ಳಬೇಕಾದರೆ ಜೇಮ್ಸ್ ಕುಕ್ 1768ರಿಂದ 1771ರವರೆಗೆ 'ಎಂಡೆವರ್' ಹಡಗಿನಲ್ಲಿ ಬರೆದ ದಿನಚರಿ ಒಳ್ಳೆಯದು. ಅದರ ಹಸ್ತಪ್ರತಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ, ಅಂತರ್ಜಾಲದಲ್ಲಿ ಪುಟಪುಟವಾಗಿ ನೋಡಬಹುದು. ಅಚ್ಚಾದ ಪಾಠವನ್ನು ಪಕ್ಕದಲ್ಲಿ ಇಟ್ಟುಕೊಂಡು ಕೈಬರಹ ಓದಿದರೆ ಆ ಕಾಲದ ಅಕ್ಷರಗಳಿಗೆ ಕಣ್ಣು ಹೊಂದಿಕೊಳ್ಳುತ್ತದೆ. ಉದ್ದನೆಯ 'ಎಸ್' ಅಕ್ಷರ 'ಎಫ್' ಥರ ಕಾಣುವುದು, ಪದದ ಕೊನೆಯ ಅಕ್ಷರಗಳನ್ನು ಮೇಲೆ ಚಿಕ್ಕದಾಗಿ ಬರೆಯುವುದು, ಮೇಲಿನಂತೆಯೇ ಎನ್ನಲು 'ಡಿಟ್ಟೊ' ಗುರುತು, ಇವಿಷ್ಟು ಪಳಗಿದರೆ ಅರ್ಧ ಕೆಲಸ ಮುಗಿದಂತೆ.

ದಿನ ಮಧ್ಯಾಹ್ನಕ್ಕೆ ಶುರುವಾಗುತ್ತದೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಬ್ರಿಟಿಷ್ ಯುದ್ಧನೌಕೆಯ ಲಾಗ್‌ನಲ್ಲಿ ದಿನ ಶುರುವಾಗುತ್ತಿದ್ದದ್ದು ಮಧ್ಯರಾತ್ರಿಗೆ ಅಲ್ಲ, ಮಧ್ಯಾಹ್ನಕ್ಕೆ. ಸೂರ್ಯ ನೆತ್ತಿಗೆ ಬಂದಾಗ ಅಕ್ಷಾಂಶ ಅಳೆದು ಒಂದು ದಿನದ ಲೆಕ್ಕ ಮುಗಿಸಿ, ಮುಂದಿನ ದಿನದ ಪುಟ ತೆರೆಯುತ್ತಿದ್ದರು. ಆ ಪುಟದಲ್ಲಿ ಮೊದಲು ಮಧ್ಯಾಹ್ನದ ನಂತರದ 12 ಗಂಟೆ ಬರುತ್ತದೆ, ಆಮೇಲೆ ಬೆಳಗಿನ 12 ಗಂಟೆ.

ಅಂದರೆ ಲಾಗ್‌ನ ತಾರೀಖು ನಮ್ಮ ತಾರೀಖಿಗಿಂತ ಅರ್ಧ ದಿನ ಮುಂದಿರುತ್ತದೆ. ಲಾಗ್‌ನಲ್ಲಿ 'ಫೆಬ್ರವರಿ 19, ಮಧ್ಯಾಹ್ನ 3 ಗಂಟೆ' ಎಂದಿದ್ದರೆ ದಡದಲ್ಲಿದ್ದವರಿಗೆ ಅದು ಫೆಬ್ರವರಿ 18ರ ಮಧ್ಯಾಹ್ನ. 'ಫೆಬ್ರವರಿ 19, ಬೆಳಿಗ್ಗೆ 6' ಎಂದಿದ್ದರೆ ಎರಡೂ ಕಡೆ 19. ಲೆಕ್ಕ ಇಷ್ಟೇ: ಮಧ್ಯಾಹ್ನದ ನಂತರದ್ದಕ್ಕೆ ಒಂದು ದಿನ ಕಳೆಯಿರಿ, ಬೆಳಗಿನದ್ದನ್ನು ಹಾಗೇ ಬಿಡಿ.

ಸೀಹಾರ್ಸ್ ಚಕಮಕಿಯ ತಾರೀಖನ್ನು ಈ ಕಣ್ಣಿನಿಂದ ನೋಡಿ. ಫೆಬ್ರವರಿ 19 ಎನ್ನುವುದು ಲಾಗ್‌ನಿಂದ ನೇರ ಎತ್ತಿದ ತಾರೀಖಾಗಿದ್ದು, ಗುಂಡು ಹಾರಿದ್ದು ಮಧ್ಯಾಹ್ನದ ಮೇಲಾಗಿದ್ದರೆ, ಅದೇ ಘಟನೆ ದಡದ ಕಾಗದಗಳಲ್ಲಿ 18ರ ಕೆಳಗೆ ಇರಬೇಕು. ದಡದ ಪತ್ರ, ಕೋಠಿಯ ದಿನಚರಿ, ಇನ್ನೊಂದು ದೇಶದ ಹಡಗಿನ ಲೆಕ್ಕ, ಯಾವುದರ ಜೊತೆ ತಾಳೆ ನೋಡುವಾಗಲೂ ಇದು ಮುಖ್ಯ. ತಾರೀಖು ಒಂದು ದಿನ ತಪ್ಪಿದರೆ ಸುಳ್ಳು ಎಂದು ತಳ್ಳಿಬಿಡಬೇಡಿ.

ಒಂದು ಎಚ್ಚರಿಕೆ ಇದೆ. ಬಂದರಿನಲ್ಲಿ ಲಂಗರು ಹಾಕಿ ತಿಂಗಳುಗಟ್ಟಲೆ ನಿಂತಾಗ ಕೆಲವರು ದಡದ ದಿನವನ್ನೇ ಹಿಡಿಯುತ್ತಿದ್ದರು. ಕುಕ್ ತಹೀತಿಯಲ್ಲಿ ಹಾಗೆ ಮಾಡಿದ. ಆ ಬದಲಾವಣೆಯ ಜಾಗದಲ್ಲಿ 12 ಗಂಟೆಯ ಅರ್ಧ ದಿನವೊಂದು ಸಿಗುತ್ತದೆ, ಗುರುತು ಹಾಕಿಕೊಳ್ಳಿ. 1805ರ ಅಕ್ಟೋಬರ್‌ನಲ್ಲಿ ನೌಕಾಪಡೆಯೇ ಮಧ್ಯರಾತ್ರಿಯ ದಿನಕ್ಕೆ ಬದಲಾಗುವಂತೆ ಆದೇಶ ಹೊರಡಿಸಿತು.

1752ಕ್ಕಿಂತ ಹಿಂದಿನ ಲಾಗ್ ಆದರೆ ಇನ್ನೊಂದು ಲೆಕ್ಕವೂ ಇದೆ. ಬ್ರಿಟನ್ ಆ ವರ್ಷ ಕ್ಯಾಲೆಂಡರ್ ಬದಲಿಸಿತು, ಸೆಪ್ಟೆಂಬರ್ 2ರ ಮಾರನೇ ದಿನ ಸೆಪ್ಟೆಂಬರ್ 14. ಅದಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ.

ಕಂಬಸಾಲುಗಳನ್ನು ಓದುವುದು

ಪುಟದ ಎಡದಿಂದ ಶುರು ಮಾಡಿ. ಮೊದಲ ಕಂಬಸಾಲಿನ ತಲೆಯಲ್ಲಿ 'ಎಚ್', ಅಂದರೆ ಗಂಟೆ. ಅದರ ಪಕ್ಕ 'ಕೆ', ಅಂದರೆ ನಾಟ್. ಆಮೇಲೆ 'ಎಫ್', ಅಂದರೆ ಫ್ಯಾದಮ್, ನಮ್ಮ ಮಾರು. ನಂತರ ಹಡಗಿನ ದಿಕ್ಕು, ಗಾಳಿಯ ದಿಕ್ಕು. ಬಲಗಡೆ ಅಗಲವಾದ ಜಾಗದಲ್ಲಿ ಷರಾ.

ವೇಗ ಅಳೆಯುತ್ತಿದ್ದ ರೀತಿ ತಿಳಿದರೆ ಈ ಅಂಕಿಗಳಿಗೆ ಜೀವ ಬರುತ್ತದೆ. ಹಗ್ಗದ ತುದಿಗೆ ಮರದ ತುಂಡು ಕಟ್ಟಿ ಹಡಗಿನ ಹಿಂದೆ ಎಸೆಯುತ್ತಿದ್ದರು. ಮರ ನೀರಿನಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹಗ್ಗದಲ್ಲಿ ಸುಮಾರು 48 ಅಡಿಗೆ ಒಂದರಂತೆ ಗಂಟು ಹಾಕಿರುತ್ತಾರೆ. 28 ಅಥವಾ 30 ಸೆಕೆಂಡಿನ ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಹೋಯಿತೋ ಅಷ್ಟು ನಾಟ್ ವೇಗ, ಗಂಟೆಗೆ ಅಷ್ಟು ನಾಟಿಕಲ್ ಮೈಲಿ. 48 ಅಡಿಗೆ 8 ಮಾರು. ಹಾಗಾಗಿ 'ಕೆ' ಕೆಳಗೆ 4, 'ಎಫ್' ಕೆಳಗೆ 4 ಇದ್ದರೆ ನಾಲ್ಕೂವರೆ ನಾಟ್. ಇಲ್ಲಿ 4.4 ಎಂದು ಬರೆದುಕೊಂಡರೆ ಲೆಕ್ಕ ಕೆಡುತ್ತದೆ.

ಉದಾಹರಣೆಗೆ ನಾನೇ ಹೆಣೆದ ನಾಲ್ಕು ಸಾಲು ಇಲ್ಲಿದೆ, ಇದು ಯಾವ ಹಡಗಿನ ಲಾಗ್‌ನಿಂದಲೂ ತೆಗೆದದ್ದಲ್ಲ:

1 ಗಂಟೆ: ನಾಟ್ 4, ಮಾರು 4
2 ಗಂಟೆ: ನಾಟ್ 4, ಮಾರು 0
3 ಗಂಟೆ: ನಾಟ್ 3, ಮಾರು 4
4 ಗಂಟೆ: ನಾಟ್ 3, ಮಾರು 0

ಕೂಡಿಸಿದರೆ 15 ನಾಟಿಕಲ್ ಮೈಲಿ, ಹತ್ತಿರ ಹತ್ತಿರ 28 ಕಿಲೋಮೀಟರ್. ನಾಲ್ಕು ಗಂಟೆಯ ಒಂದು ಪಾಳಿಯಲ್ಲಿ ಹಡಗು ಹೋದದ್ದು ಇಷ್ಟೇ. ವೇಗ ಗಂಟೆಗಂಟೆಗೂ ಇಳಿಯುತ್ತಿರುವುದನ್ನು ಗಮನಿಸಿ. ಗಾಳಿ ಬೀಳುತ್ತಿದೆ, ಇಲ್ಲವೇ ಹಾಯಿ ಇಳಿಸುತ್ತಿದ್ದಾರೆ. ಯಾವುದು ಎಂದು ಷರಾದಲ್ಲಿ ಹುಡುಕಿ.

ಗಾಳಿಯ ಬಲವನ್ನು ಆಗ ಅಂಕಿಯಲ್ಲಿ ಬರೆಯುತ್ತಿರಲಿಲ್ಲ. ನೌಕಾಧಿಕಾರಿ ಬ್ಯೂಫೋರ್ಟ್ ಗಾಳಿಯ ಬಲದ ತನ್ನ ಅಳತೆಪಟ್ಟಿಯನ್ನು ಬರೆದುಕೊಂಡದ್ದೇ 1806ರಲ್ಲಿ. ಅದಕ್ಕೆ ಮುಂಚೆ ಸಾಧಾರಣ ಗಾಳಿ, ತಾಜಾ ಗಾಳಿ, ಬಿರುಗಾಳಿ ಎಂಬಂಥ ಮಾತುಗಳು ಮಾತ್ರ. ಇವು ಬರೆದವನ ಅಂದಾಜು. ಒಬ್ಬನ ತಾಜಾ ಗಾಳಿ ಇನ್ನೊಬ್ಬನಿಗೆ ಬಿರುಗಾಳಿ ಆಗಬಹುದು. ಪದಕ್ಕಿಂತ ಏರಿಸಿದ ಹಾಯಿಗಳ ಲೆಕ್ಕವನ್ನು ನಂಬಿ.

ಗಾಳಿ ಇಟ್ಟುಕೊಂಡು ಪುಟವನ್ನು ಪರೀಕ್ಷಿಸಿ

ನನಗೆ ಅತಿ ಇಷ್ಟವಾದ ಭಾಗ ಇದು. ನಮ್ಮ ಕರಾವಳಿಯ ಓದುಗರ ಕೈ ಮೇಲಾಗುವುದೂ ಇಲ್ಲೇ.

ದಿಕ್ಸೂಚಿಯನ್ನು ಆಗ 32 ಪಾಯಿಂಟ್‌ಗಳಾಗಿ ಒಡೆಯುತ್ತಿದ್ದರು. ಒಂದು ಪಾಯಿಂಟ್ ಅಂದರೆ 11¼ ಡಿಗ್ರಿ. ಅಡ್ಡಕಂಬಕ್ಕೆ ಚೌಕ ಹಾಯಿ ಕಟ್ಟಿದ ಹಡಗು ಗಾಳಿಯ ಮೂಲಕ್ಕೆ ಆರು ಪಾಯಿಂಟ್‌ಗಿಂತ, ಅಂದರೆ 67½ ಡಿಗ್ರಿಗಿಂತ, ಹತ್ತಿರ ಮೂತಿ ಇಡಲಾರದು. ಗಾಳಿಯ ಹೆಸರು ಅದು ಎಲ್ಲಿಂದ ಬರುತ್ತದೋ ಆ ದಿಕ್ಕಿನದ್ದು, ಪ್ರವಾಹದ ಹೆಸರು ಅದು ಎತ್ತ ಹೋಗುತ್ತದೋ ಆ ದಿಕ್ಕಿನದ್ದು. ಈ ಎರಡು ನಿಯಮ ಹಿಡಿದು ಪ್ರತಿ ಸಾಲನ್ನೂ ಪರೀಕ್ಷೆ ಮಾಡಿ.

ಮಂಗಳೂರಿನಿಂದ ಕಾರವಾರದವರೆಗೆ ದಡ ಹೆಚ್ಚುಕಮ್ಮಿ ಉತ್ತರ-ವಾಯವ್ಯಕ್ಕೆ ಸಾಗುತ್ತದೆ. ಬೊಂಬಾಯಿಗೆ ಹೋಗುವ ಹಡಗಿಗೂ ಅದೇ ದಿಕ್ಕು ಬೇಕು. ಫೆಬ್ರವರಿಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ವಾಯವ್ಯದ ಕಡೆಯಿಂದ ಬೀಸುತ್ತದೆ. ವಾಯವ್ಯದ ಗಾಳಿಗೂ ಉತ್ತರ-ವಾಯವ್ಯದ ದಾರಿಗೂ ನಡುವೆ ಇರುವುದು ಎರಡೇ ಪಾಯಿಂಟ್. ಹಡಗು ಆ ದಾರಿಯಲ್ಲಿ ಹೋಗಲು ಸಾಧ್ಯವೇ ಇಲ್ಲ. ಆರು ಪಾಯಿಂಟ್ ಬಿಟ್ಟು ಒಂದು ಕಡೆ ಉತ್ತರ-ಈಶಾನ್ಯಕ್ಕೆ ಹೋದರೆ ದಡಕ್ಕೆ ಬಡಿಯುತ್ತದೆ, ಇನ್ನೊಂದು ಕಡೆ ಪಶ್ಚಿಮ-ನೈರುತ್ಯಕ್ಕೆ ಹೋದರೆ ನಡುಗಡಲಿಗೆ ಜಾರುತ್ತದೆ. ರಾತ್ರಿ ಹೊತ್ತು ನೆಲದ ಗಾಳಿ ಮೂಡಣದಿಂದ, ಈಶಾನ್ಯದಿಂದ ಬರುತ್ತದೆ. ಈಶಾನ್ಯದ ಗಾಳಿಗೆ ಉತ್ತರ-ವಾಯವ್ಯ ಸರಿಯಾಗಿ ಆರು ಪಾಯಿಂಟ್, ದಾರಿ ತೆರೆಯಿತು. ಮೂಡಣ ಗಾಳಿಯಾದರೆ ಇನ್ನೂ ಸಲೀಸು.

ಆದ್ದರಿಂದ ಈ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಬಡಗಣಕ್ಕೆ ಹೋಗುವ ಹಡಗಿನ ಲಾಗ್‌ನಲ್ಲಿ ಒಂದು ಲಯ ಕಾಣಬೇಕು. ರಾತ್ರಿ ಮತ್ತು ಮುಂಜಾನೆ ದಡದ ಜೊತೆಜೊತೆಗೆ ಓಟ, ನಡುಹಗಲು ಗಾಳಿ ಸತ್ತ ಹೊತ್ತು, ಸಂಜೆಗೆ ಅಡ್ಡಡ್ಡ ಓಡಾಟ ಇಲ್ಲವೇ ಲಂಗರು. ಮೀನಿಗೆ ಹೋಗುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲಾಗ್‌ನಲ್ಲಿ ಈ ಲಯ ಕಾಣದಿದ್ದರೆ ಮೂರು ಸಾಧ್ಯತೆ: ಹಡಗು ದಡದಿಂದ ತುಂಬಾ ದೂರವಿದೆ, ಅಂದು ಗಾಳಿ ಬೇರೆ ಇತ್ತು, ಅಥವಾ ನೀವು ಪುಟದ ಮೇಲರ್ಧವನ್ನು ಬೆಳಗು ಎಂದುಕೊಂಡು ಓದುತ್ತಿದ್ದೀರಿ. ಕೊನೆಯದನ್ನು ಮೊದಲು ಪರೀಕ್ಷಿಸಿ.

ಯಾವ ಹಡಗಿಗೆ ಗಾಳಿಯ ಅನುಕೂಲವಿತ್ತು ಎನ್ನುವುದೇ ಎಷ್ಟೋ ಸಲ ಕಾಳಗದ ಕತೆ. ಕೆಚ್‌ಗಳಂಥ ಸಣ್ಣ ಹಡಗುಗಳು ದಡದ ಕಡೆಯಿಂದ ನೆಲದ ಗಾಳಿಯಲ್ಲಿ ಬಂದರೆ ಗಾಳಿ ಅವುಗಳ ಬೆನ್ನಿಗಿರುತ್ತದೆ. ಸಂಜೆ ಕಡಲ ಗಾಳಿಯಲ್ಲಾದರೆ ಹೊರಗಿರುವ ಹಡಗಿಗೆ ಮೇಲುಗೈ. ಷರಾದ ಸಾಲು ಓದುವ ಮೊದಲು ಆ ಗಂಟೆಯ ಗಾಳಿಯನ್ನು ಓದಿ ಎನ್ನುವುದು ಇದಕ್ಕೇ.

ಜಾಗ ಗುರುತಿಸುವುದು

ಪುಟದ ಕೆಳಗೆ ಮಧ್ಯಾಹ್ನದ ಅಕ್ಷಾಂಶ ಇರುತ್ತದೆ. ಸೂರ್ಯನನ್ನು ನೋಡಿ ಅಳೆದದ್ದಾದರೆ ಅದನ್ನು ಧೈರ್ಯವಾಗಿ ಹಿಡಿಯಿರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ಮಿನಿಟಿಗೆ ಒಂದು ಮೈಲಿ. ಇವತ್ತು ಮಧ್ಯಾಹ್ನ 13 ಡಿಗ್ರಿ 20 ಮಿನಿಟ್, ನಾಳೆ 14 ಡಿಗ್ರಿ 5 ಮಿನಿಟ್ ಇದ್ದರೆ ಹಡಗು 45 ಮೈಲಿ ಬಡಗಣಕ್ಕೆ ಬಂದಿದೆ, ಮಲ್ಪೆಯ ನೇರದಿಂದ ಮುರ್ಡೇಶ್ವರದ ನೇರಕ್ಕೆ. ಗಂಟೆಗಂಟೆಯ ನಾಟ್ ಕೂಡಿಸಿ ಬಂದ ಮೊತ್ತ ಇದಕ್ಕಿಂತ ಬಹಳ ಜಾಸ್ತಿ ಇದ್ದರೆ ಹಡಗು ಅಡ್ಡಡ್ಡ ಓಡಾಡಿದೆ ಎಂದರ್ಥ.

ರೇಖಾಂಶದ ವಿಷಯದಲ್ಲಿ ಅಷ್ಟು ಧೈರ್ಯ ಬೇಡ. ಗ್ರೀನಿಚ್ ಆಧಾರದ ಮೊದಲ ನಾಟಿಕಲ್ ಅಲ್ಮನಾಕ್, ಅಂದರೆ ಹಡಗಿನವರ ಪಂಚಾಂಗ, ಬಂದದ್ದು 1767ಕ್ಕೆ. ಅದಾದ ಮೇಲೂ ಎಷ್ಟೋ ಹಡಗುಗಳು ಕೊನೆಗೆ ಕಂಡ ಭೂಶಿರದಿಂದಲೇ ರೇಖಾಂಶ ಎಣಿಸುತ್ತಿದ್ದವು. ಎಲ್ಲಿಂದ ಎಣಿಸಿದ್ದಾರೆ ಎಂದು ಮೊದಲು ನೋಡಿ, ಆಮೇಲೆ ನಕ್ಷೆಯ ಮೇಲೆ ಚುಕ್ಕೆ ಇಡಿ.

ದಡ ಕಂಡಾಗ ಅದರ ಹೆಸರು ಬರೆಯುತ್ತಾರೆ. ನಮ್ಮೂರ ಹೆಸರುಗಳೇ, ವೇಷ ಬೇರೆ. ಓನೋರ್ ಅಂದರೆ ಹೊನ್ನಾವರ. ಬಾರ್ಸೆಲೋರ್ ಬಸ್ರೂರು. ಪಿಜನ್ ಐಲೆಂಡ್ ಎಂದರೆ ಭಟ್ಕಳ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಮೌಂಟ್ ಡಿಲ್ಲಿ ಕಣ್ಣೂರಿನ ಬಡಗಣಕ್ಕಿರುವ ಏಳಿಮಲೆ. ಕಡಲಿನಿಂದ ಕುದುರೆಯ ಮುಖದಂತೆ ಕಾಣುವ ಕುದುರೆಮುಖವೂ ಹಡಗಿನವರಿಗೆ ಗುರುತಿನ ಬೆಟ್ಟವಾಗಿತ್ತು. ಹೆಸರಿನ ಪಕ್ಕ ದಿಕ್ಕು ಮತ್ತು ಎಷ್ಟು ಲೀಗ್ ದೂರ ಎಂದು ಇರುತ್ತದೆ, ಒಂದು ಲೀಗ್ ಮೂರು ಮೈಲಿ. ಒಂದೇ ಹೊತ್ತಿಗೆ ಎರಡು ಗುರುತು ಕಂಡಿದ್ದರೆ ಎರಡರಿಂದಲೂ ಗೆರೆ ಎಳೆಯಿರಿ, ಕೂಡುವ ಜಾಗದಲ್ಲಿ ಹಡಗು.

ಅಧಿಕಾರಿಗಳನ್ನು ಗುರುತಿಸುವುದು

ಹಡಗಿನ ಹಾಜರಿ ಪುಸ್ತಕ 'ಎಡಿಎಂ 36'ರಲ್ಲಿ ಸಿಗುತ್ತದೆ. ಅಲ್ಲಿರುವ ಹುದ್ದೆಯನ್ನು ಅಕ್ಷರಶಃ ನಂಬಬೇಡಿ. ಅಧಿಕಾರಿಯಾಗಲು ಬಂದ ಹುಡುಗರ ಹೆಸರಿನ ಮುಂದೆ 'ಕ್ಯಾಪ್ಟನ್‌ನ ಸೇವಕ' ಅಥವಾ 'ನುರಿತ ನಾವಿಕ' ಎಂದು ಇರುವುದು ಸಾಮಾನ್ಯ. ಯಾಕೆಂದರೆ ಹಡಗಿನಲ್ಲಿ ಮಿಡ್‌ಶಿಪ್‌ಮನ್‌ಗಳಿಗೆ, ಅಂದರೆ ಅಧಿಕಾರಿಯಾಗಲು ತಯಾರಾಗುವ ಕಿರಿಯರಿಗೆ, ಇದ್ದ ಜಾಗ ಕಡಿಮೆ.

ಲೆಫ್ಟಿನೆಂಟ್ ಆಗಲು ಆರು ವರ್ಷದ ಸಮುದ್ರ ಸೇವೆ ಬೇಕು, 20 ವರ್ಷ ತುಂಬಿರಬೇಕು, ಬಾಯಿ ಪರೀಕ್ಷೆ ಪಾಸಾಗಬೇಕು. ಪಾಸಾದವರ ಪ್ರಮಾಣಪತ್ರಗಳು 'ಎಡಿಎಂ 107'ರಲ್ಲಿವೆ. ಅವುಗಳಲ್ಲಿ ಸೇವೆ ಮಾಡಿದ ಹಡಗುಗಳ ಪಟ್ಟಿ ಇರುವುದರಿಂದ ಒಬ್ಬನ ಎಳೆಯ ವರ್ಷಗಳ ಜಾಡು ಹಿಡಿಯಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ. ವಯಸ್ಸನ್ನು ಮಾತ್ರ ಬೇರೆ ಕಡೆ ತಾಳೆ ನೋಡಿ. 1777ರ ಏಪ್ರಿಲ್‌ನಲ್ಲಿ ಪಾಸಾದ ನೆಲ್ಸನ್‌ಗೆ ಆಗ ವಯಸ್ಸು 18. ಅವನ ಸೋದರಮಾವ ಮಾರಿಸ್ ಸಕ್ಲಿಂಗ್ ಆಗ ನೌಕಾ ಮಂಡಳಿಯ ಕಂಟ್ರೋಲರ್, ಅಂದರೆ ಮುಖ್ಯಸ್ಥ, ಆಗಿದ್ದ.

ಲೆಫ್ಟಿನೆಂಟ್ ಮೇಲೆ ಕಮಾಂಡರ್, ಅದರ ಮೇಲೆ ಪೋಸ್ಟ್ ಕ್ಯಾಪ್ಟನ್. ಹಡಗಿನ ಯಜಮಾನನನ್ನು ಅವನ ದರ್ಜೆ ಏನೇ ಇರಲಿ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು, ಆದ್ದರಿಂದ 'ಪೋಸ್ಟ್' ಆದ ತಾರೀಖು ಹುಡುಕಿ. ಆ ದಿನದಿಂದ ಹಿರಿತನದ ಸಾಲು ಶುರು, ಬದುಕಿದ್ದರೆ ಸಾಲಿನಲ್ಲೇ ಅಡ್ಮಿರಲ್ ಆಗಬೇಕು. ನೆಲ್ಸನ್ 1779ರಲ್ಲಿ, 20 ವರ್ಷಕ್ಕೇ ಪೋಸ್ಟ್ ಆದ. ಅಡ್ಮಿರಲ್‌ಗಳಲ್ಲೂ ನೀಲಿ, ಬಿಳಿ, ಕೆಂಪು ಎಂಬ ಮೆಟ್ಟಿಲುಗಳಿದ್ದವು. ನೀಲಿ ಕೆಳಗಿನದು.

ಚಿತ್ರಪಟ ಸಿಕ್ಕರೆ ಹೆಗಲು ನೋಡಿ. ಅಧಿಕಾರಿಗಳಿಗೆ ಸಮವಸ್ತ್ರ ಬಂದದ್ದು 1748ರಲ್ಲಿ, ಹೆಗಲಿನ ಜರಿ ಕುಚ್ಚು ನಿಯಮಕ್ಕೆ ಸೇರಿದ್ದು 1795ರಲ್ಲಿ.

ಜಾಡು ಒಮ್ಮೊಮ್ಮೆ ಕಡಿದುಹೋಗುತ್ತದೆ. ಸೀಹಾರ್ಸ್‌ನ ಜಾರ್ಜ್ ಫಾರ್ಮರ್ 1779ರ ಅಕ್ಟೋಬರ್ 6ರಂದು 'ಕ್ವಿಬೆಕ್' ಹಡಗಿನಲ್ಲಿ ಫ್ರೆಂಚರ 'ಸರ್ವೆಯಾಂಟ್' ಎದುರು ಕಾದಾಡುತ್ತಾ ಸತ್ತ. ಹಡಗಿಗೆ ಬೆಂಕಿ ಬಿದ್ದು ಸಿಡಿದುಹೋಯಿತು. ಹೀಗೆ ಹಡಗಿನ ಜೊತೆ ಕಾಗದವೂ ಹೋದಾಗ ಕೋರ್ಟ್ ಮಾರ್ಷಲ್ ಕಡತ ಹುಡುಕಿ. ಹಡಗು ಕಳೆದುಕೊಂಡರೆ ಬದುಕಿ ಉಳಿದವರ ವಿಚಾರಣೆ ನಡೆಸುವುದು ಪದ್ಧತಿ. ಆ ಹೇಳಿಕೆಗಳು 'ಎಡಿಎಂ 1'ರಲ್ಲಿವೆ, ಲಾಗ್‌ನಲ್ಲಿ ಎಂದೂ ಸಿಗದ ಮನುಷ್ಯರ ಮಾತು ಅಲ್ಲಿ ಸಿಗುತ್ತದೆ.

ಪ್ರತಿ ತರಿಸುವಾಗ

ನಮ್ಮ ಕರಾವಳಿಯ ಮೇಲೆ ಕೆಲಸ ಮಾಡಲು ಬಯಸುವವರು ಸೀಹಾರ್ಸ್ ಆದ ಮೇಲೆ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್‌ನ ಪಡೆಯ ಲಾಗ್‌ಗಳಿಗೆ ಹೋಗಿ. 1780ರ ಡಿಸೆಂಬರ್‌ನಲ್ಲಿ ಆ ಪಡೆ ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ಸುಟ್ಟಿತು. ಹ್ಯೂಸ್‌ನ ಧ್ವಜದ ಹಡಗು 74 ಫಿರಂಗಿಯ 'ಸೂಪರ್ಬ್' 1783ರ ನವೆಂಬರ್‌ನಲ್ಲಿ ತಲಶ್ಶೇರಿಯ ಬಳಿ ಒಡೆದುಹೋಯಿತು. ಒಂದೇ ದಿನದ ಘಟನೆಯನ್ನು ಹಲವು ಹಡಗುಗಳ ಲಾಗ್‌ನಲ್ಲಿ ಪಕ್ಕಪಕ್ಕ ಇಟ್ಟು ಓದುವ ಅವಕಾಶ ಇಲ್ಲಿದೆ.

ಪ್ರತಿಗೆ ಬರೆಯುವಾಗ ಸರಣಿ ಸಂಖ್ಯೆ, ಕಡತದ ಸಂಖ್ಯೆ, ಹಡಗು, ಕ್ಯಾಪ್ಟನ್, ತಾರೀಖು ಇಷ್ಟನ್ನೂ ಕೊಡಿ. ಬೇಕಾದ ದಿನದ ಪುಟ ಒಂದನ್ನೇ ಕೇಳಬೇಡಿ. ಹಿಂದಿನ ದಿನ, ಮಾರನೇ ದಿನ ಎರಡನ್ನೂ ಸೇರಿಸಿ ಕೇಳಿ. ಹಿಂದಿನ ಮಧ್ಯಾಹ್ನದ ಅಕ್ಷಾಂಶ ಇಲ್ಲದೆ ನಿಮ್ಮ ಲೆಕ್ಕ ಶುರುವೇ ಆಗುವುದಿಲ್ಲ.